ಅಳಿಸಿಹೋದ ಉಪಕಾರಗಳನ್ನು ಮತ್ತೆ ಬರೆದ ಮದರಬೀ

ಖಾನಾಪುರ ನಿಲ್ದಾಣದಿಂದ ಬೆಳಗಾವಿಯ ಮೊದಲ ಬಸ್ಸು ಹೊರಡಲು ಇನ್ನೂ ಸ್ವಲ್ಪ ಹೊತ್ತಿದೆ. ಕಿಟಕಿಯ ಗಾಜಿಗೆ ಮಂಜು ಮೆತ್ತಿಕೊಂಡಿದೆ. ಬಾಗಿಲ ಪಕ್ಕದ ಸೀಟಿನಲ್ಲಿ ಸ್ವೆಟರಿನ ಮೇಲೆ ಸೆರಗು ಹೊದ್ದು ಕುಳಿತ ಮದರಬೀ ಅವರ ಸುತ್ತ ಆಗಲೇ ಮೂರ್ನಾಲ್ಕು ಜನ ಸೇರಿದ್ದಾರೆ. ಹೂಕೋಸಿನ ಬುಟ್ಟಿಯನ್ನು ಕಾಲಡಿ ಇಟ್ಟುಕೊಂಡ ಹೆಂಗಸಿಗೆ ಎಲೆಯ ಮೇಲೆ ಬಿದ್ದ ಬಿಳಿ ಚುಕ್ಕೆಯ ಚಿಂತೆ. ಆಕೆ ಮರಾಠಿಯಲ್ಲಿ ಕೇಳುತ್ತಾಳೆ. ಹಿಂದಿನ ಸೀಟಿನ ಹಿರಿಯರೊಬ್ಬರಿಗೆ ಮಗಳ ಶಾಲೆಯ ದಾಖಲೆಯಲ್ಲಿ ಹೆಸರು ತಪ್ಪಾಗಿದೆ, ಅದನ್ನು ಎಲ್ಲಿ ಹೋಗಿ ತಿದ್ದಿಸಬೇಕೋ ತಿಳಿಯದು. ಮದರಬೀ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ, ತಾವೇ ಒಮ್ಮೆ ತಿರುಗಿಸಿ ಹೇಳಿ, ‘ಹಿಂಗ ಅಲ್ರಿ ನೀವು ಕೇಳೂದು?’ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಬಸ್ಸು ದೇಸೂರು ದಾಟುವ ಹೊತ್ತಿಗೆ ಅಂದಿನ ಪ್ರಶ್ನೆಗಳೆಲ್ಲ ಅವರ ತಲೆಯಲ್ಲಿ ಸಾಲಾಗಿ ಕೂತಿರುತ್ತವೆ.

ಬೆಳಗಾವಿಯಲ್ಲಿ ಇಳಿದವರು ಕೋಟೆಯ ಕಡೆಯ ರಸ್ತೆ ಹಿಡಿದು, ಗಲ್ಲಿಯೊಳಗಿನ ಇಂಟರ್‌ನೆಟ್ ಸೆಂಟರಿನ ಶಟರ್ ಎತ್ತುತ್ತಾರೆ. ಕಸ ಗುಡಿಸುವುದು, ಯಂತ್ರಗಳ ಮೇಲಿನ ಹೊದಿಕೆ ತೆಗೆಯುವುದು, ಕೀಲಿಮಣೆಗಳ ಸಂದಿನ ಬಿಸ್ಕೀಟಿನ ಪುಡಿ ಕೊಡವುವುದು, ಗಿರಾಕಿಗಳನ್ನು ಕೂರಿಸುವುದು, ಬಂದವರಿಗೆ ಅರ್ಜಿ ಟೈಪ್ ಮಾಡಿಕೊಡುವುದು ಅವರ ಕೆಲಸ. ಗಿರಾಕಿಗಳು ಬರುವ ಮುನ್ನ ಸಿಗುವ ಒಂದು ತಾಸು ಮಾತ್ರ ಅವರದು. ಇಂಟರ್‌ನೆಟ್ ಜೋಡಿಸುವ ಫೋನ್ ತಂತಿ ಕಿರ್ರೆಂದು ಕೂಗಿ ತಣ್ಣಗಾದ ಮೇಲೆ ಮೂಲೆಯ ಯಂತ್ರದ ಮುಂದೆ ಕೂತು, ಬಸ್ಸಿನಲ್ಲಿ ಹೊತ್ತು ತಂದ ಪ್ರಶ್ನೆಗಳನ್ನು ಒಂದೊಂದಾಗಿ ಇಳಿಸುತ್ತಾರೆ. ಮಾತು ಕನ್ನಡದ್ದು, ಅಕ್ಷರ ಇಂಗ್ಲಿಷಿನದು. ಸಂಜೆ ಅದೇ ಬಸ್ಸಿನ ದಾರಿಯಲ್ಲಿ ಉತ್ತರಗಳು ಖಾನಾಪುರಕ್ಕೆ ಮರಳುತ್ತವೆ. ಇದಕ್ಕೆ ಅವರು ಯಾರಿಂದಲೂ ಏನನ್ನೂ ಪಡೆಯುವುದಿಲ್ಲ.

ಆ ಪ್ರಶ್ನೆಗಳು ಹೋಗಿ ಸೇರುವ ಜಾಗದ ಹೆಸರು ಕೇಳುಗಟ್ಟೆ. ಪುಣೆಯ ಕೆಲವು ಹುಡುಗರು ಕಟ್ಟಿದ, ಯಾರು ಬೇಕಾದರೂ ಕೇಳಬಹುದಾದ, ಯಾರು ಬೇಕಾದರೂ ಉತ್ತರಿಸಬಹುದಾದ ಇಂಟರ್‌ನೆಟ್ಟಿನ ಕಟ್ಟೆ ಅದು. ಅಲ್ಲಿ ಕನ್ನಡದ್ದೇ ಒಂದು ಓಣಿ ಇದೆ. ಹುಬ್ಬಳ್ಳಿಯ ನರ್ಸು, ಗೋಕಾಕದ ಕಡೆಯ ಆಡು ಸಾಕುವವರು, ಕಾರವಾರದ ಬ್ಯಾಂಕಿನವರು, ದುಬೈಯಲ್ಲಿ ದುಡಿಯುವ ನಂದಗಡದವರು ಆ ಓಣಿಯಲ್ಲಿ ಓಡಾಡುತ್ತಾರೆ. ಒಬ್ಬರ ಮುಖ ಒಬ್ಬರು ಕಂಡಿಲ್ಲ.

ಮದರಬೀ ಹತ್ತನೇ ಇಯತ್ತೆಯ ತನಕ ಓದಿದವರು. ಅಪ್ಪ ಬಳೆ ವ್ಯಾಪಾರಿ. ಮದುವೆಗೆ ಮುಂಚೆ ಕಲಿತ ಟೈಪಿಂಗ್ ಅವರಿಗೆ ವಕೀಲರೊಬ್ಬರ ಕಚೇರಿಯಲ್ಲಿ ಬಹಳ ಕಾಲ ಅನ್ನ ಕೊಟ್ಟಿತು. ಕಂಪ್ಯೂಟರ್ ಬಂದದ್ದೇ ಟೈಪ್‌ರೈಟರಿನ ಜೊತೆಗೆ ಅವರೂ ಹೊರಬಿದ್ದರು. ಅದೇ ವರ್ಷ ಗಂಡ ಕಲಂದರ ಅವರ ಬಲಗೈ ಹಂಚಿನ ಕಾರ್ಖಾನೆಯ ಅಚ್ಚಿನಡಿ ಸಿಕ್ಕಿತು. ಗಾಯ ಮಾಯಿತು, ಬೆರಳು ಮಡಚಲಿಲ್ಲ. ಮನೆಯಲ್ಲಿ ಕೂತ ಗಂಡ ಮಾತನ್ನೇ ಬಿಟ್ಟುಬಿಟ್ಟರು ಎಂದು ಮದರಬೀ ಆ ದಿನಗಳನ್ನು ನೆನೆಯುತ್ತಾರೆ.

ಹೊಸ ಸಾವಿರ ವರ್ಷ ಹುಟ್ಟಿದ ಗದ್ದಲ ತಣ್ಣಗಾಗುತ್ತಿದ್ದ ದಿನಗಳಲ್ಲಿ ಬಾಳೇಶ ಎಂಬವರು ಈ ಸೆಂಟರ್ ತೆರೆದರು, ಕಸ ಗುಡಿಸಲು ಟೈಪಿಂಗೂ ಬರುವವರು ಸಿಕ್ಕರೆಂದು ಮದರಬೀ ಅವರನ್ನು ಇಟ್ಟುಕೊಂಡರು. ಕೇಳುಗಟ್ಟೆಯನ್ನು ತೋರಿಸಿದವರೂ ಅವರೇ. ಮದರಬೀ ಅಲ್ಲಿ ಕೇಳಿದ ಮೊದಲ ಪ್ರಶ್ನೆ ಗಂಡನ ಬೆರಳಿನದು. ಎರಡು ದಿನ ಬಿಟ್ಟು ಹುಬ್ಬಳ್ಳಿಯ ನರ್ಸು ಲಕ್ಷ್ಮೀ ಉತ್ತರ ಬರೆದಿದ್ದರು: ಡಾಕ್ಟರರನ್ನು ಒಂದು ಮಾತು ಕೇಳಿ, ಅವರು ಬೇಡವೆನ್ನದಿದ್ದರೆ, ಬಿಸಿನೀರಿನಲ್ಲಿ ಕೈಯಿಟ್ಟು ಆಮೇಲೆ ದಿನಾ ಕಣಕ ನಾದಿಸಿ. ಕಲಂದರ ಮೊದಲು ಸಿಟ್ಟಾದರು, ಆಮೇಲೆ ನಾದಿದರು. ಈಗ ಅವರ ಮನೆಯ ಚಪಾತಿಯ ಕಣಕವೆಲ್ಲ ಅವರದೇ ಕೈಯದು. ಚಹಾದ ಕಪ್ಪು ಹಿಡಿಯುವಷ್ಟು ಬೆರಳು ಮಡಚಿದ ದಿನ ಮದರಬೀ ಲಕ್ಷ್ಮೀ ಅವರ ಉತ್ತರದ ಕೆಳಗೆ ನಾಲ್ಕು ಸಾಲು ಉಪಕಾರ ಬರೆದರು; ಧನ್ಯವಾದಕ್ಕೆ ಇಲ್ಲಿನವರ ಮಾತು ಅದು.

‘ಅವರ ಮನಿ ಬಾಗಿಲಿಗೆ ಹೋಗಿ ಕೈ ಮುಗದು ಬಂದಂಗ ಆತ್ರಿ,’ ಎನ್ನುತ್ತಾರೆ.

ಖಾನಾಪುರದಲ್ಲಿ ಸುದ್ದಿ ಹಬ್ಬಲು ಇಷ್ಟು ಸಾಕಾಯಿತು. ಬಸ್ಸಿನಲ್ಲಿ ಪ್ರಶ್ನೆಗಳು ಬರತೊಡಗಿದ್ದು ಆಗಿನಿಂದ. ಕೇಳಿದವರು ಉತ್ತರ ಒಯ್ದು ಸುಮ್ಮನಾಗುತ್ತಿರಲಿಲ್ಲ. ತಿಂಗಳು ಬಿಟ್ಟಾದರೂ ಬಸ್ಸಿನಲ್ಲಿ ಸಿಕ್ಕು, ಹೇಳಿದ್ದು ಫಲಿಸಿತೋ ಇಲ್ಲವೋ ತಿಳಿಸಿ, ಆ ಪುಣ್ಯಾತ್ಮರಿಗೆ ನನ್ನ ಉಪಕಾರ ಹೇಳಿ ಎನ್ನುತ್ತಿದ್ದರು. ಮದರಬೀ ಅದನ್ನೂ ಅಲ್ಲಿ ಬರೆಯುತ್ತಿದ್ದರು.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಕೇಳುಗಟ್ಟೆ ಬದಲಾಗಿತ್ತು. ಬಣ್ಣ ಬೇರೆ, ಅಕ್ಷರ ಬೇರೆ. ನಮಸ್ಕಾರ, ಉಪಕಾರ, ಕ್ಷೇಮ ಸಮಾಚಾರ ಇನ್ನು ಮುಂದೆ ಬೇಡ, ಪ್ರಶ್ನೆ ಮತ್ತು ಉತ್ತರ ಮಾತ್ರ ಸಾಕು ಎಂದು ಹೊಸ ನಿಯಮ ಬಂದಿತ್ತು. ಹಳೆಯ ಉಪಕಾರಗಳನ್ನೂ ಕಟ್ಟೆಯ ಯಂತ್ರವೇ ಹುಡುಕಿ ಅಳಿಸಿತ್ತು. ಉತ್ತರದ ಕೆಳಗೆ ಇನ್ನೊಂದು ಉತ್ತರವಲ್ಲದೆ ಬೇರೇನು ಬರೆದರೂ ಅದು ತಿರಸ್ಕರಿಸುತ್ತಿತ್ತು.

ಕನ್ನಡದ ಓಣಿ ಕಂಗೆಟ್ಟಿತು. ಕೆಲವರು ಸಿಟ್ಟಿನಲ್ಲಿ ಬಿಟ್ಟೇ ಹೋದರು. ಹೋಗುವಾಗ ಬರೆದ ವಿದಾಯದಲ್ಲಿ ಉಪಕಾರದ ಮಾತಿದ್ದರೆ ಅದೂ ಅಳಿಯಿತು. ಕೆಲವರು ತಮ್ಮ ಉತ್ತರದೊಳಗೇ ‘ಉಪಕಾರ’ದ ಅಕ್ಷರಗಳ ನಡುವೆ ಚುಕ್ಕೆಯಿಟ್ಟು ಯಂತ್ರದ ಕಣ್ಣು ತಪ್ಪಿಸಿದರು. ಕಾರವಾರದ ಬ್ಯಾಂಕಿನವರು ಪುಣೆಯವರಿಗೆ ಉದ್ದನೆಯ ತಕರಾರು ಬರೆದರು. ದುಬೈಯವರು ತಮ್ಮ ತಾಯಿ ಹೇಳಿ ಬರೆಸಿದ್ದ ಮಾತು ಎಲ್ಲಿ ಹೋಯಿತೆಂದು ದಿನಾ ಬಂದು ಕೇಳಿದರು. ಹೊಸದು ಹಿಡಿಸಿದವರೂ ಇದ್ದರು. ಗುರುಪಾದಪ್ಪ ಎಂಬ ಧಾರವಾಡದ ನಿವೃತ್ತ ಮಾಸ್ತರರು, ಮೊದಲು ಉತ್ತರ ಹುಡುಕುವುದೆಂದರೆ ಮದುವೆ ಮನೆಯಲ್ಲಿ ಚಪ್ಪಲಿ ಹುಡುಕಿದಂತಿತ್ತು, ಈಗ ಕಟ್ಟೆ ಸ್ವಚ್ಛವಾಗಿದೆ ಎಂದು ಬರೆದರು. ಅವರ ಮೇಲೆ ನಾಲ್ಕು ದಿನ ಬೈಗುಳದ ಮಳೆ ಸುರಿಯಿತು.

ಮದರಬೀ ಯಾವ ಕಡೆಗೂ ಸೇರಲಿಲ್ಲ. ಲಕ್ಷ್ಮೀ ಅವರಿಗೆ ಬರೆದ ನಾಲ್ಕು ಸಾಲು ಎಲ್ಲಾದರೂ ಉಳಿದಿದೆಯೇ ಎಂದು ಪುಟ ಪುಟವೂ ಹುಡುಕಿದರಂತೆ. ಆದರೂ ಕಟ್ಟೆ ಕಟ್ಟಿದವರ ಮಾತು, ತಾವು ಬಂದು ಹೋಗುವವರು ಎಂದು, ಎಂದಿನಂತೆ ಬಸ್ಸಿನ ಪ್ರಶ್ನೆಗಳನ್ನು ಇಳಿಸುತ್ತ ಹೋದರು.

ಅದೇ ವಾರ ಪಾರಿಶ್ವಾಡದ ಸಾವಂತ್ರವ್ವ ಎಂಬ ಮುದುಕಿ ನಿಲ್ದಾಣದಲ್ಲಿ ಕಾದಿದ್ದಳು. ಮನೆಗೆ ಆಧಾರವಾಗಿದ್ದ ಎಮ್ಮೆಯ ಗೊರಸಿನ ಸಂದಿನಲ್ಲಿ ಹುಣ್ಣಾಗಿ, ಅದು ಕುಂಟುತ್ತಿತ್ತು. ಮದರಬೀ ಹುಡುಕಿದಾಗ ಹೋದ ವರ್ಷದ್ದೇ ಒಂದು ಉತ್ತರ ಸಿಕ್ಕಿತು. ಗೋಕಾಕದ ಕಡೆಯ ಬಂಡೆಪ್ಪ ಬರೆದದ್ದು: ಒಂದು ಬಕೆಟ್ ನೀರಿಗೆ ಒಂದು ಮುಷ್ಟಿ ಮೈಲುತುತ್ತ ಕರಗಿಸಿ ಕಾಲು ತೊಳೆಯಿರಿ. ಅದನ್ನೇ ಸಂಜೆ ಓದಿದಂತೆ ಹೇಳಿದರು.

ಐದಾರು ದಿನಕ್ಕೆ ಸಾವಂತ್ರವ್ವ ಮತ್ತೆ ಬಂದಳು. ಎಮ್ಮೆ ಕಾಲು ಊರುತ್ತಿರಲಿಲ್ಲ. ಆ ನೀರು ಚರ್ಮವನ್ನೇ ಸುಟ್ಟಿತ್ತು. ಬೈಗುಳಕ್ಕೆ ಸಿದ್ಧರಾಗಿ ನಿಂತ ಮದರಬೀ ಅವರ ಕೈ ಹಿಡಿದು ಆಕೆ ಹೇಳಿದ್ದು ಇಷ್ಟು: ‘ನೀ ಓದಿದಿ, ನಾ ಮಾಡಿದೆ. ನಿಂದೇನ್ ತಪ್ಪಿಲ್ಲ ಯವ್ವಾ. ಖರೇ ನನ್ನಂಗ ಮತ್ತೊಬ್ಬಾಕಿ ಹಚ್ಚಬಾರದು ನೋಡು. ಅಲ್ಲಿ ಅಷ್ಟ ಬರದ್ ಬಿಡು.’

ಆ ದಿನ ಬಸ್ಸಿನಲ್ಲಿ ಮದರಬೀ ಯಾರ ಪ್ರಶ್ನೆಯನ್ನೂ ಕೇಳಲಿಲ್ಲ. ಸೆಂಟರಿಗೆ ಬಂದು ಬಂಡೆಪ್ಪನವರ ಉತ್ತರ ತೆರೆದು ನೋಡುತ್ತ ಕೂತಾಗ ಅವರಿಗೆ ನೆನಪಾಯಿತು. ಆ ಉತ್ತರದ ಕೆಳಗೆ ಅಥಣಿಯ ಕಡೆಯ ಯಾರೋ ಒಬ್ಬರು ಬರೆದದ್ದಿತ್ತು: ಬಂಡೆಪ್ಪಣ್ಣನವರಿಗೆ ಬಹಳ ಉಪಕಾರ, ಮುಷ್ಟಿ ಹೆಚ್ಚಾಗಿ ನಮ್ಮ ಆಕಳಿಗೆ ಉರಿ ಹತ್ತಿತ್ತು, ಒಂದು ಚಮಚ ಹಾಕಿದ ಮೇಲೆ ವಾಸಿಯಾಯಿತು. ಆ ಸಾಲು ಈಗ ಇರಲಿಲ್ಲ. ಉಪಕಾರ ಎಂಬ ಮೊದಲ ಮಾತು ನೋಡಿ ಯಂತ್ರ ಎಲ್ಲವನ್ನೂ ಗುಡಿಸಿ ಹಾಕಿತ್ತು.

‘ಅವತ್ತ ನನಗ ತಿಳೀತ್ರಿ,’ ಎನ್ನುತ್ತಾರೆ ಮದರಬೀ. ‘ನಾವು ಉಪಕಾರ ಅಂತ ಬರದಿದ್ದು ಬರೇ ಉಪಕಾರ ಅಲ್ಲ. ಹೇಳಿದ್ದು ಫಲಾ ಕೊಟ್ಟಿತೋ ಇಲ್ಲೋ ಅನ್ನೂದು ಅದರಾಗ ಇತ್ತು.’

ಸಾವಂತ್ರವ್ವನ ಮಾತನ್ನು ಉತ್ತರದ ಕೆಳಗೆ ಬರೆಯಲು ಹೋದರೆ ಕಟ್ಟೆಯ ಯಂತ್ರ ಒಪ್ಪಲಿಲ್ಲ. ಇದು ಉತ್ತರವಲ್ಲ ಎಂದಿತು. ಎರಡನೆಯ ಸಲ, ಮೂರನೆಯ ಸಲವೂ ಅದೇ. ಅಷ್ಟರಲ್ಲಿ ಬಾಳೇಶ ಬಂದು, ಗಿರಾಕಿ ಬರುವ ಹೊತ್ತಾಯಿತು, ಫೋನ್ ತಂತಿ ಬಿಡಿ ಎಂದರು. ಮದರಬೀ ಎಂದೂ ಎದುರಾಡಿದವರಲ್ಲ. ಅಂದು ಮಾತ್ರ ಎದ್ದೇಳದೆ, ಇದೊಂದು ಮುಗಿಸಿ ಬಿಡುತ್ತೇನೆ ಎಂದು, ಅದನ್ನೇ ಒಂದು ಪ್ರಶ್ನೆಯಾಗಿ ಹಾಕಿದರು: ‘ಪಾರಿಶ್ವಾಡದ ಸಾವಂತ್ರವ್ವನ ಎಮ್ಮೆಯ ಕಾಲು ಸುಟ್ಟಿದೆ. ಮೈಲುತುತ್ತ ಹೆಚ್ಚಾದರೆ ಸುಡುತ್ತದೆ ಎಂದು ಒಬ್ಬರು ಇಲ್ಲಿ ಬರೆದಿದ್ದರು. ಅದು ಅಳಿಸಿಹೋಗಿದೆ. ಅಂಥ ಮಾತನ್ನು ಇನ್ನು ಮುಂದೆ ಎಲ್ಲಿ ಬರೆಯಬೇಕು?’

ಮರುದಿನ ನೋಡಿದರೆ ಓಣಿಯ ಜನವೆಲ್ಲ ಆ ಪ್ರಶ್ನೆಯ ಕೆಳಗೇ ಸೇರಿತ್ತು. ಮೊದಲು ಬಂದವರು ಬಂಡೆಪ್ಪ. ತಾನು ಬಕೆಟ್ ಎಂದದ್ದು ಆಡಿಗೆ ನೀರಿಡುವ ದೊಡ್ಡ ತೊಟ್ಟಿಯಷ್ಟರದ್ದು, ಅದನ್ನು ಬಿಡಿಸಿ ಹೇಳದೆ ಹೋದೆ ಎಂದು ನೊಂದು, ಕೂಡಲೇ ಆ ಔಷಧ ನಿಲ್ಲಿಸಿ ದನದ ಡಾಕ್ಟರರಿಗೆ ತೋರಿಸಿ ಎಂದಿದ್ದರು. ಬಿಟ್ಟು ಹೋದವರು ಮರಳಿ ಬಂದರು. ತಮ್ಮ ತಮ್ಮ ಉಪಕಾರದ ಜೊತೆಗೆ ಏನೇನು ಅಳಿಯಿತು ಎಂದು ನೆನಪು ಮಾಡಿಕೊಂಡು ಬರೆದರು. ಗುರುಪಾದಪ್ಪ ಮಾಸ್ತರರೂ ಬಂದರು. ಗದ್ದಲ ಬೇಡವೆಂದದ್ದು ನಾನೇ, ಈಗಲೂ ಬೇಡವೆನ್ನುತ್ತೇನೆ ಎಂದರು. ಆದರೆ ಪ್ರತಿ ಉತ್ತರದ ಕೆಳಗೂ ‘ಮುಂದೇನಾಯಿತು’ ಎಂದು ಸ್ವಲ್ಪ ಜಾಗ ಬಿಡಲಿ, ಉಪಕಾರ ಅಲ್ಲೇ ಇರಲಿ, ಯಾರಿಗೂ ಅಡ್ಡಿಯಾಗುವುದಿಲ್ಲ ಎಂದು ಅವರ ಸಲಹೆ. ನಾಲ್ಕು ದಿನ ಅವರನ್ನು ಬೈದವರೇ ಅದಕ್ಕೆ ಹೌದೆಂದರು.

ವಾರದೊಳಗೆ ಸೆಂಟರಿಗೆ ಪುಣೆಯಿಂದ ಫೋನ್ ಬಂತು. ಮಾತಾಡಿದ್ದು ಕಟ್ಟೆ ಕಟ್ಟಿದವರಲ್ಲೊಬ್ಬ. ತಕರಾರುಗಳು ರಾಶಿ ಬಂದಿದ್ದವು, ಹೊಸದಕ್ಕೆ ಒಗ್ಗದವರ ಸಿಡುಕು ಎಂದುಕೊಂಡಿದ್ದೆವು, ನಿಮ್ಮ ಪ್ರಶ್ನೆ ನೋಡಿದ ಮೇಲೆಯೇ ನಾವು ಅಳಿಸಿದ್ದು ಏನೆಂದು ತಿಳಿಯಿತು ಎಂದನಂತೆ. ಮದರಬೀ ಮರಾಠಿಯಲ್ಲಿ ಆಡಿದ ಮಾತನ್ನು ಕನ್ನಡದಲ್ಲಿ ಹೀಗೆ ಹೇಳುತ್ತಾರೆ: ‘ಮನಿ ನಿಮ್ಮದು, ಗ್ವಾಡಿ ಎಲ್ಲಿ ಕಟ್ಟಬೇಕು ಅನ್ನೂದು ನಿಮ್ಮ ಇಚ್ಛಾ. ಕಟ್ಟೂಕಿಂತ ಮದಲ ಒಳಗ ಯಾರ್ ಕುಂತಾರ ಅಂತ ಒಮ್ಮಿ ನೋಡ್ರಿ ಅಂದೆ. ಹುಡುಗ ಛಲೋ ಇದ್ದ. ಚೂಕ್ ಝಾಲಿ, ತಪ್ಪಾತು ಅಂದ.’

ತಿಂಗಳು ಕಳೆಯುವಷ್ಟರಲ್ಲಿ ಮಾಸ್ತರರು ಹೇಳಿದ ಜಾಗ ಪ್ರತಿ ಉತ್ತರದ ಕೆಳಗೂ ಬಂತು. ಆದರೆ ಅಳಿಸಿದ್ದನ್ನು ಮರಳಿ ತರಲು ಪುಣೆಯವರಿಗೂ ಆಗಲಿಲ್ಲ. ಬೇಕಾದವರು ಮತ್ತೆ ಬರೆಯಬೇಕು, ಅಷ್ಟೇ.

ಮದರಬೀ ಬರೆಯಲು ಕೂತರು. ಬಸ್ಸಿನಲ್ಲಿ ಹಳಬರನ್ನು ಹುಡುಕಿ, ಅಂದು ನೀವು ಏನು ಹೇಳಿದ್ದಿರಿ ಎಂದು ಕೇಳಿದರು. ಒಬ್ಬರು ನೆನಪಾದಷ್ಟು ಹೇಳಿದರು, ಇನ್ನೊಬ್ಬರು ಮೊದಲಿಗಿಂತ ಹೆಚ್ಚೇ ಹೇಳಿದರು. ಆಗ ವಾಸಿಯಾಗಿದ್ದ ಮಂಡಿನೋವು ಮತ್ತೆ ಬಂದಿದೆ ಎಂದು ಒಬ್ಬಳು ತಿದ್ದಿಸಿದಳು. ಕಂಡಕ್ಟರ್ ಸತ್ಯಪ್ಪ ತಾನೂ ಒಮ್ಮೆ ಉತ್ತರ ಪಡೆದವನು; ಟಿಕೆಟ್ ಹರಿಯುತ್ತಲೇ ಜನರಿಗೆ ನೆನಪು ಮಾಡಿಕೊಟ್ಟ. ಬಾಳೇಶ ಅವರೂ ತಂತಿಯ ಮಾತೆತ್ತಲಿಲ್ಲ. ಮೂಲೆಯ ಯಂತ್ರವನ್ನು ಬೆಳಗಿನ ಹೊತ್ತು ಯಾರಿಗೂ ಕೊಡುವುದಿಲ್ಲ ಎಂದು ತಾವೇ ಗಿರಾಕಿಗಳಿಗೆ ಹೇಳತೊಡಗಿದರು. ಎಲ್ಲರದೂ ಮುಗಿದ ಮೇಲೆ ಒಂದು ಬೆಳಿಗ್ಗೆ ಮದರಬೀ ಲಕ್ಷ್ಮೀ ಅವರಿಗೆ ತಮ್ಮದನ್ನು ಬರೆದರು. ಚಹಾದ ಕಪ್ಪು ಹಿಡಿಯುವ ಗಂಡನ ಬೆರಳು ಈಗ ಅಂಗಿಯ ಗುಂಡಿಯನ್ನೂ ಹಾಕುತ್ತದೆ ಎಂದು ಈ ಸಲ ಸೇರಿಸುವುದಿತ್ತು.

ಸಾವಂತ್ರವ್ವನ ಎಮ್ಮೆಯನ್ನು ದನದ ಡಾಕ್ಟರರು ನೋಡಿದರು. ಹೊಸ ಚರ್ಮ ಬರಲು ಶ್ರಾವಣ ಕಳೆಯಿತು. ಈಗ ಅದು ನೆಟ್ಟಗೆ ನಡೆಯುತ್ತದೆ. ಆಕೆ ಒಂದು ದಿನ ಕೆನೆಮೊಸರಿನ ಗಡಿಗೆ ಹೊತ್ತು ಸೆಂಟರಿನ ತನಕ ಬಂದು, ತನ್ನ ಮಾತು ಎಲ್ಲಿದೆ ತೋರಿಸು ಎಂದಳು. ಮದರಬೀ ತೋರಿಸಿದರು. ಓದಲು ಬಾರದ ಆಕೆ ಗಾಜಿನ ಮೇಲೆ ಬೆರಳಾಡಿಸಿ ನೋಡಿ, ಬಂಡೆಪ್ಪನಿಗೂ ಒಂದು ಉಪಕಾರ ಹಾಕು, ಪಾಪ, ಒಳ್ಳೆಯದಾಗಲೆಂದೇ ಹೇಳಿದವನು ಎಂದಳು. ಅದೂ ಅಲ್ಲಿದೆ.

ನಿಮಗೇನಾದರೂ ಆಸೆ ಇದೆಯೇ ಎಂದರೆ ಮದರಬೀ ಕೀಲಿಮಣೆಯ ಮೇಲಿನ ಧೂಳು ಒರೆಸುತ್ತ ನಗುತ್ತಾರೆ.

‘ಅಕ್ಷರದ್ದೊಂದ ಐತಿ ನೋಡ್ರಿ. ಇಂಗ್ಲಿಷ್ ಅಕ್ಷರದಾಗ ಕಾಲು ಬರದ್ರೂ ಅಷ್ಟ, ಕಾಳು ಬರದ್ರೂ ಅಷ್ಟ. ಎಮ್ಮಿ ಕಾಲು ಸುಟ್ಟೈತಿ ಅಂತ ಬರದ್ರ ಮಂಗಳೂರ ಕಡಿಯವರೊಬ್ರು, ಕಾಳು ಹುರಿಯೂವಾಗ ಉರಿ ಸಣ್ಣ ಇಡ್ರಿ ಅಂದಿದ್ರು. ನಮ್ಮ ಅಕ್ಷರದಾಗನ ಬರಿಯೂವಂಗ ಆಗಬೇಕ್ರಿ. ಸಾವಂತ್ರವ್ವನ ಮೊಮ್ಮಗಳು ಈ ವರ್ಷ ಸಾಲಿಗೆ ಹೊಂಟಾಳ. ಅಜ್ಜಿ ಹೇಳಿದ್ದನ್ನ ಆಕಿ ಓದಿ, ಆಯೀ, ನೀ ಹೇಳಿದ್ದು ಹೇಳಿದಂಗ ಇಲ್ಲಿ ಐತಿ ಅನ್ನಬೇಕು.’