ತವರಿನ ಸೀರೆ ಬರುವವರೆಗೆ

ಹೆಂಡತಿಯನ್ನು ಆಸ್ಪತ್ರೆಯಿಂದ ತಂದು ನಡುಮನೆಯಲ್ಲಿ ಮಲಗಿಸಿದ ಮೇಲೆ ಹೆಂಗಸರು ನನ್ನ ಮುಖ ನೋಡತೊಡಗಿದರು. ಯಾರೂ ಬಾಯಿಬಿಟ್ಟು ಕೇಳಲಿಲ್ಲ. ನಮ್ಮ ಕಡೆ ಮುತ್ತೈದೆ ಸತ್ತರೆ ತವರಿನವರು ಸೀರೆ ತರಬೇಕು, ಅದನ್ನು ಹೊದಿಸದೆ ಹೆಣ ಎತ್ತುವುದಿಲ್ಲ. ಅವಳ ತವರಿನಲ್ಲಿ ಉಳಿದಿದ್ದವನು ಅಣ್ಣನೊಬ್ಬನೇ, ತ್ಯಾಮಗೊಂಡ್ಲು ಕಡೆ. ಆ ಅಣ್ಣನಿಗೆ ನನ್ನ ಹೊಸ್ತಿಲು ತುಳಿಯಬೇಡ ಎಂದಿದ್ದವನು ನಾನು.

ಕಾರಣ ಚಿಕ್ಕದಲ್ಲ. ನಮ್ಮ ಮಗಳನ್ನು ತನ್ನ ಮಗನಿಗೆ ಕೇಳಿದ್ದ. ಮಗಳು ಒಲ್ಲೆ ಅಂದಳು, ನಾನೂ ಒಲ್ಲೆ ಅಂದೆ. ಆ ಸಿಟ್ಟಿಗೆ, ಬೇರೆ ಕಡೆ ಗೊತ್ತಾದ ಅವಳ ಮದುವೆಗೆ ಬರಲಿಲ್ಲ. ಹೆಣ್ಣನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಅವನು ಫೋನು ಆಫ್ ಮಾಡಿಕೊಂಡಿದ್ದ. ನನ್ನ ಹೆಂಡತಿ ಮುಹೂರ್ತ ಹತ್ತಿರವಾಗುವವರೆಗೂ ಛತ್ರದ ಬಾಗಿಲಲ್ಲೇ ನಿಂತಿದ್ದಳು. ಬೀಗರ ಮುಂದೆ ಅವಳ ತಲೆ ತಗ್ಗಿದ್ದನ್ನು ನಾನು ನೋಡಿದ್ದೇನೆ.

ನಾನು ದೊಡ್ಡಬಳ್ಳಾಪುರ ಕಡೆಯ ವಿಜಯಪುರದಲ್ಲಿ ರೇಷ್ಮೆ ನೂಲನ್ನು ಹುರಿ ಮಾಡುವ ಮಿಷನ್ ಇಟ್ಟವನು. ಬಾಡಿಗೆ ಶೆಡ್ಡಿನಿಂದ ಶುರು ಮಾಡಿ ಚೌಕಾಸಿಯ ಬಾಯಿಂದಲೇ ಮೇಲೆ ಬಂದವನು. ಎದುರಿನವನಿಗೆ ಗರಜಿದ್ದಾಗ ಬಿಗಿಹಿಡಿಯಬೇಕು ಎಂದು ಎಷ್ಟೋ ಜನಕ್ಕೆ ಬುದ್ಧಿ ಹೇಳಿದ್ದೇನೆ. ಈಗ ಗರಜು ನನ್ನದಾಗಿತ್ತು.

ದೊಡ್ಡಪ್ಪನ ಮಗ ಪಕ್ಕಕ್ಕೆ ಕರೆದ. “ಅವನ್ನ ಕರೀಬೇಡ ಕಣೋ. ಅವರೂರಿನೋರು ಒಬ್ರು ಇಲ್ಲೇ ಅವ್ರೆ. ಅಂಗಡೀಲಿ ಒಂದ್ ಸೀರೆ ತಂದು ಅವ್ರ ಕೈಲಿ ಹೊದ್ಸಿಬಿಡಾನ. ಹೆಸರಿಗೆ ತವರು ಸೀರೆ ಆಯ್ತು.”

“ಹೆಸರಿಗೆ,” ಅಂದೆ.

“ಊಂ. ಯಾರ್ ಕೇಳ್ತಾರೆ ಗುರು?”

ಬೇರೆ ಯಾರದಾದರೂ ಮನೆಯಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಮಗಳ ಮದುವೆಯಾದಾಗಿನಿಂದ ಪ್ರತಿ ಗೌರಿಹಬ್ಬಕ್ಕೂ ಅವಳು ಹೊಸ ಸೀರೆ ಉಟ್ಟು, ಅಕ್ಕಪಕ್ಕದವರಿಗೆ “ನಮ್ಮಣ್ಣ ಕಳ್ಸಿದ್ದು” ಅನ್ನುತ್ತಿದ್ದಳು. ನಮ್ಮ ಪೇಟೆಯ ಅಂಗಡಿಗಳ ಸರಕು ನನಗೆ ಗೊತ್ತು. ತಾನೇ ಕೊಂಡು ತರುತ್ತಿದ್ದಳು. ನನಗೆ ಗೊತ್ತಿದೆ ಎನ್ನುವುದು ಅವಳಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ. ಅಷ್ಟು ವರ್ಷ ಹೆಸರಿಗಷ್ಟೇ ತವರಿನ ಸೀರೆ ಉಟ್ಟವಳಿಗೆ ಕೊನೆಗೂ ಅಂಥದ್ದನ್ನೇ ಹೊದಿಸಲು ನನ್ನಿಂದಾಗಲಿಲ್ಲ.

ಸೋದರಮಾವನಿಗೆ ತಾನೇ ಫೋನು ಮಾಡುತ್ತೇನೆ ಎಂದಳು ಮಗಳು. ಬೇಡ ಅಂದೆ. ಇಂಥ ಫೋನನ್ನು ಮಕ್ಕಳ ಕೈಯಲ್ಲಿ ಮಾಡಿಸಬೇಡಿ, ಮುನಿಸು ಅವರ ಪಾಲಿಗೂ ಬರುತ್ತದೆ.

ನಾನೇ ಮಾಡಿದೆ. “ನಿನ್ ತಂಗಿ ಹೋದ್ಲು. ಸೀರೆ ತಗೊಂಡ್ ಬಾ,” ಅಂದೆ.

ಆ ಕಡೆಯಿಂದ, “ಒಳಕ್ ಬಿಡ್ತೀಯಾ?” ಅಂದ.

“ಬಾ.”

ಕಾಯುತ್ತಾ ಕೂತು ಷರತ್ತೊಂದನ್ನು ಕಟ್ಟಿಕೊಂಡೆ. ಎಲ್ಲರೆದುರು ಮಗಳ ಹತ್ತಿರ ತಪ್ಪಾಯ್ತು ಅನ್ನಲಿ, ಆಮೇಲೆ ಒಳಗೆ ಬರಲಿ. ನ್ಯಾಯವಾಗಿಯೇ ಇತ್ತು.

ಮಧ್ಯಾಹ್ನ ದಾಟಿದ ಮೇಲೆ ಬಂದು ಗೇಟಿನ ಹೊರಗೇ ನಿಂತ. ಮೈ ಇಳಿದುಹೋಗಿತ್ತು. ಕೈಯಲ್ಲಿ ಪ್ಲಾಸ್ಟಿಕ್ ಕವರು. ಅದರಲ್ಲಿ ಬಳೆ, ಅರಿಶಿನ ಕುಂಕುಮ, ಒಂದು ಹಸಿರು ಸೀರೆ. ದೊಡ್ಡಬಳ್ಳಾಪುರದಲ್ಲಿ ಬಸ್ಸು ಬದಲಾಯಿಸುವಾಗ ಕೊಂಡನಂತೆ. ದೂರದಿಂದಲೇ ತಿಳಿಯಿತು, ಪಾಲಿಯೆಸ್ಟರ್. ಅಂಗಡಿಯವನು ಟೋಪಿ ಹಾಕಿದ್ದ.

“ರೇಷ್ಮೆನೇ ಬೇಕು ಅಂತ ಕೇಳಿ ತಂದಿವ್ನಿ,” ಅಂದ. “ಅವ್ಳಿಗೆ ಈ ಹಸಿರು ಒಪ್ತದಾ ಭಾವ?”

ಷರತ್ತು ಬಾಯಿಗೆ ಬರಲಿಲ್ಲ. ಕರುಣೆ ಉಕ್ಕಿತು ಎಂದು ತಿಳಿಯಬೇಡಿ. ಸಿಟ್ಟು ಹೊತ್ತು ನಿಲ್ಲುವ ಬಲ ನನ್ನಲ್ಲಿ ಉಳಿದಿರಲಿಲ್ಲ. ಯಾರಿಗಾದ ಅವಮಾನಕ್ಕೆಂದು ಅದನ್ನು ಇಟ್ಟುಕೊಂಡಿದ್ದೆನೋ ಅವಳು ಒಳಗೆ ಸೀರೆಗೆ ಕಾದು ಮಲಗಿದ್ದಳು.

“ಒಪ್ತದೆ. ಒಳ್ಳೇ ರೇಷ್ಮೆ,” ಅಂದೆ. “ಒಳಗ್ ಬಾ.”

ಅವನೇ ಹೊದಿಸಿದ. ಸೆರಗು ಸರಿಮಾಡುವಾಗ ಮಗಳು ಇನ್ನೊಂದು ತುದಿ ಹಿಡಿದಳು.

ಕ್ಷಮಿಸಿದರೆ ಪೂರ್ತಿ ಕ್ಷಮಿಸಬೇಕು ಅನ್ನುವವರ ಮಾತು ಕೇಳಬೇಡಿ. ಆದಷ್ಟು ಮಾಡಿ, ಸಾಕು. ಈಗಲೂ ಅವನು ಆಗಾಗ ಬರುತ್ತಾನೆ. ಮದುವೆಯ ಮಾತು ಅವನು ಎತ್ತಿಲ್ಲ, ನಾನು ಕೇಳಿಲ್ಲ. ಮಂಡಿನೋವಿನ ಕಥೆ ಹೇಳುತ್ತಾನೆ. ಹೆಚ್ಚು ಹೊತ್ತು ಕೂತರೆ ನನಗೆ ಬೇಸರವಾಗುತ್ತದೆ. ಎದ್ದು ಹೋಗು ಅಂತ ಮಾತ್ರ ಅನ್ನುವುದಿಲ್ಲ.