ಕೇದಗೆಯ ಗರಿ, ಚೀಟಿಯಿಲ್ಲದ ಎಲೆ

ಟೆಕ್ಸಸ್‌ನ ರೌಂಡ್ ರಾಕ್‌ನಲ್ಲಿರುವ ನಮ್ಮ ಮನೆಯಲ್ಲಿ ಒಂದು ರೇಷ್ಮೆ ಸೀರೆ ಇದೆ. ಅದನ್ನು ಉಡುವಂತಿಲ್ಲ, ಡ್ರೈಕ್ಲೀನ್‌ಗೆ ಕೊಡುವಂತಿಲ್ಲ, ಜಿಪ್ ಎಳೆದು ಕವರ್ ತೆರೆಯುವಂತೆಯೂ ಇಲ್ಲ. (ನಾನಂತೂ ಅದರ ಬಣ್ಣವನ್ನೇ ಮರೆತಿದ್ದೆ.)

ಅದು ನನ್ನ ಅತ್ತೆಯ ಸೀರೆ. ಶ್ರೀರಂಗಪಟ್ಟಣದ ಮನೆಯಲ್ಲಿ ಅವರು ರೇಷ್ಮೆ ಸೀರೆಗಳ ಮಡಿಕೆಯಲ್ಲಿ ಕೇದಗೆಯ ಗರಿ ಇಡುತ್ತಿದ್ದರು, ಘಮಕ್ಕೆ. ಅವರು ಹೋದ ಮೇಲೆ ನನ್ನ ಹೆಂಡತಿ ಸುಧಾ ಗರಿಯ ಸಮೇತ ಇದೊಂದನ್ನು ತಂದಳು. ತೆರೆದರೆ ಘಮ ಖರ್ಚಾಗಿಬಿಡುತ್ತದೆ ಎಂಬ ಭಯ ಅವಳಿಗೆ. (ಓದಿದ್ದು ಕೆಮಿಸ್ಟ್ರಿ.)

"ಹಿಲ್‌ಕ್ರಾಫ್ಟ್ ಬೀದಿಯ ಇಂಡಿಯನ್ ಅಂಗಡೀಲಿ ಕೇವ್ಡಾ ನೀರು ಸಿಗತ್ತೆ, ಅದೂ ಕೇದಗೇನೇ. ಹ್ಯೂಸ್ಟನ್‌ಗೆ ಹೋದಾಗ ತಂದು ಚಿಮುಕಿಸು" ಎಂದಿದ್ದೆ.

"ಅದು ಬಿರಿಯಾನಿಗೆ ಕಣ್ರೀ. ಅಮ್ಮನ ಸೀರೆಗಲ್ಲ."

ಕಳೆದ ಶನಿವಾರ ಆಸ್ಟಿನ್ ಆಚೆಯ ಗುಡ್ಡಗಳ ಕಡೆ ಡ್ರೈವ್ ಹೋಗಿದ್ದೆವು. ಅಲ್ಲೊಂದು ಹಳೇ ಕಲ್ಲಿನ ಮನೆ, ಈಗ ಮ್ಯೂಸಿಯಂ. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯಿಂದ ಬಂದ ನಿಸರ್ಗ ವಿಜ್ಞಾನಿಯೊಬ್ಬನ ಮನೆಯಂತೆ. ಗುಡ್ಡ ಅಲೆದು ಗಿಡ ತರುವುದು, ಕಾಗದದ ನಡುವೆ ಒತ್ತಿ ಒಣಗಿಸುವುದು. ಇಲ್ಲಿನ ಮೂಲನಿವಾಸಿಗಳ ಜೊತೆ ಕೂತು, ಅವರು ಅದನ್ನು ಏನೆಂದು ಕರೆಯುತ್ತಾರೆ, ಯಾವ ಕಾಯಿಲೆಗೆ ಕೊಡುತ್ತಾರೆ ಎಂದು ಕೇಳಿ ಚೀಟಿ ಬರೆಯುವುದು. ಆಮೇಲೆ ಹಡಗಿನಲ್ಲಿ ತನ್ನ ಊರಿಗೆ ಕಳಿಸುವುದು. ಇಡೀ ಬದುಕು ಇದೇ. ಗಿಡಗಳೆಲ್ಲ ಜರ್ಮನಿಗೆ ಹೋದವು. ಅವನು ಮಾತ್ರ ವಾಪಸ್ ಹೋಗಲೇ ಇಲ್ಲ.

ಗಾಜಿನ ಪೆಟ್ಟಿಗೆಯಲ್ಲಿ ಅವನು ಒಣಗಿಸಿದ ಎಲೆಗಳಿದ್ದವು. ಒಂದಕ್ಕೆ ಮಾತ್ರ ಚೀಟಿಯಿರಲಿಲ್ಲ. ಕಳೆದುಹೋಯಿತೇ ಎಂದು ಕೇಳಿದೆ. ಗೈಡ್ ಆಗಿದ್ದ ಅಜ್ಜಿ ಅಲ್ಲವೆಂದು ತಲೆಯಾಡಿಸಿದರು. "ಅದು ಟೆಕ್ಸಸ್‌ನದಲ್ಲ. ಅವನ ತಾಯಿಯ ಮನೆ ಮುಂದಿನ ಮರದ್ದು. ಬರುವಾಗಲೇ ತಂದಿದ್ದನಂತೆ. ಅದಕ್ಕೆ ಚೀಟಿ ಯಾಕೆ?"

ಸುಧಾ ಆ ಗಾಜಿನ ಮುಂದೆಯೇ ನಿಂತುಬಿಟ್ಟಳು. (ವಾಪಸ್ ಬರುವಾಗ ನಾನು ಹೈವೇ ಎಕ್ಸಿಟ್ ತಪ್ಪಿಸಿದರೂ ಬೈಯಲಿಲ್ಲ ಎಂದರೆ ನೀವೇ ಊಹಿಸಿ.) ಮನೆಗೆ ಬಂದವಳೇ ಕವರಿನ ಜಿಪ್ ಎಳೆದಳು.

ಹಸಿರು ಸೀರೆ, ನೇರಳೆ ಅಂಚು. ಅದನ್ನುಟ್ಟ ಅತ್ತೆ ನನ್ನ ಕಣ್ಣಿಗೂ ಕಟ್ಟಿದರು. ಗರಿ ಮುಟ್ಟಿದರೆ ಪುಡಿಯಾಗುವಂತಿತ್ತು. ಸುಧಾ ಕಣ್ಣು ಮುಚ್ಚಿ ಮೂಸಿದಳು. ಮತ್ತೆ ಮೂಸಿದಳು. ಆಮೇಲೆ ಸೀರೆಯನ್ನು ನನ್ನತ್ತ ಚಾಚಿ, "ಇನ್ನೂ ಇದೆ ಅಲ್ವೇನ್ರೀ?" ಎಂದಳು.

ನನ್ನ ಮೂಗಿಗೆ ಬಂದದ್ದು ಪ್ಲಾಸ್ಟಿಕ್ ಕವರಿನ ವಾಸನೆ ಮಾತ್ರ.

"ಇದೆ" ಎಂದೆ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?