ಎಣ್ಣೆ ಹಾಕಿಟ್ಟ ಬಂದೂಕು

ಎಂಬತ್ತರ ದಶಕದಲ್ಲಿ ನಾನು ಚನ್ನಗಿರಿ ಕಡೆಯ ಒಂದು ಪೊಲೀಸ್ ಠಾಣೆಯಲ್ಲಿ ರೈಟರ್ ಆಗಿದ್ದೆ. ಎಲೆಕ್ಷನ್ ಬಂತೆಂದರೆ ಲೈಸೆನ್ಸ್ ಇದ್ದವರೆಲ್ಲ ಬಂದೂಕು ತಂದು ನಮಗೆ ಒಪ್ಪಿಸಿ, ಮುಗಿದ ಮೇಲೆ ಒಯ್ಯಬೇಕಿತ್ತು. ತುಕ್ಕು ಹಿಡಿದರೆ ನಮ್ಮ ಮೇಲೇ ಜಗಳಕ್ಕೆ ಬರುತ್ತಾರೆಂದು ಎಲ್ಲಕ್ಕೂ ನಾನೇ ಎಣ್ಣೆ ಹಾಕಿ ಒರೆಸಿಡುತ್ತಿದ್ದೆ.

ಒಂದು ಸಲ ಎಲೆಕ್ಷನ್ ಮುಗಿದ ಮೇಲೆ ಉಬ್ರಾಣಿ ಕಡೆಯ ರೈತನೊಬ್ಬ ತನ್ನ ಬಂದೂಕು ಒಯ್ಯಲು ಬಂದ. ಅವನ ಹಿಂದೆಯೇ ಹೆಂಡತಿಯೂ ಬಂದಳು.

“ಕೊಡಬ್ಯಾಡ್ರಿ ಸಾಹೇಬ್ರೆ, ಇಲ್ಲೇ ಇರ್ಲಿ. ಇವ್ರ ಅಣ್ಣನ ಜೊತೆ ಬದುವಿನ ಜಗಳ ಐತೆ. ಗುಂಡು ಹೊಡೀತೀನಿ ಅಂತ ದಿನಾ ಅಂತಾರೆ.”

“ಲೈಸೆನ್ಸ್ ನಂದು. ಹೊಲಕ್ಕೆ ಹಂದಿ ಬಂದ್ರೆ ಇವಳು ಓಡಿಸಾಕೆ ಹೋಗ್ತಾಳೇನ್ರಿ?” ಎಂದ ಅವನು.

ರಿಜಿಸ್ಟರ್ ತಿರುವಿದೆ. ಹೆಂಡತಿಯ ಮಾತು ಬರೆಯಲು ಅದರಲ್ಲಿ ಕಾಲಂ ಇರಲಿಲ್ಲ. “ರೂಲ್ಸ್ ಹಂಗೈತಮ್ಮ” ಎಂದು ಅವನ ಸಹಿ ಪಡೆದು ಕೊಟ್ಟೆ. ‘ಬಂದೂಕಿನ ಸ್ಥಿತಿ’ ಎಂಬಲ್ಲಿ ‘ಉತ್ತಮ’ ಎಂದು ಬರೆದೆ.

ತಿಂಗಳೊಳಗೆ ಅದೇ ಬಂದೂಕು ಕೊಲೆ ಕೇಸಿನಲ್ಲಿ ಜಪ್ತಿಯಾಗಿ ನನ್ನ ಮೇಜಿಗೆ ಬಂತು. ಸತ್ತವನು ಅಣ್ಣ. ಈ ಸಲ ಹೆಂಡತಿಯ ಮಾತನ್ನು ಪುಟಗಟ್ಟಲೆ ಬರೆದುಕೊಂಡೆವು. ಜಪ್ತಿ ರಿಜಿಸ್ಟರಿನಲ್ಲೂ ‘ಬಂದೂಕಿನ ಸ್ಥಿತಿ’ ಎಂಬ ಕಾಲಂ ಇತ್ತು. ನಳಿಗೆಯ ಮೇಲೆ ನಾನು ಹಾಕಿದ ಎಣ್ಣೆ ಇನ್ನೂ ಮಿರುಗುತ್ತಿತ್ತು. ಸುಳ್ಳೇಕೆ ಬರೆಯಲಿ, ‘ಉತ್ತಮ’ ಎಂದೇ ಬರೆದೆ.